ಹೊರಡದ ಎರಡನೇ ಹಡಗು

ಇಂದುಮತಿ ಆಂಟಿ, ವಿಶ್ರುತ್, ಈ ಚಳಿಯಲ್ಲಿ ಸಾರ್ ಶ್ರದ್ಧಾಂಜಲಿಗೆ ಡ್ರೈವ್ ಮಾಡಿಕೊಂಡು ಬಂದ ಎಲ್ಲ ಹಿರಿಯರೇ, ಗೆಳೆಯರೇ — ನಮಸ್ಕಾರ. ನಾನು ಶಶಿಧರ. ಪ್ಲಿಮತ್ ಆಫೀಸಿನಲ್ಲಿ ದ್ವಾರಕಾನಾಥ ಸಾರ್ ಪಕ್ಕದಲ್ಲಿ ಆರು ವರ್ಷ ಕೂತವನು. ನನಗೆ ಕೆಲಸ ಕಲಿಸಿದವರು ಅವರು. ಮುಂದೆ ಅವರಿದ್ದ ಟೀಮಿಗೇ ಲೀಡ್ ಆದವನು ನಾನು.

ಸಾರ್ ಮಾಡುತ್ತಿದ್ದುದು ಕಾರಿನ ಬ್ರೇಕಿನ ಡಿಸೈನು, ಹುಚ್ಚು ಮಾತ್ರ ಹಳೇ ಗ್ರೀಸಿನದು. ಲಂಚ್ ಟೇಬಲ್ಲಿನಲ್ಲಿ ಅವರು ಅಥೆನ್ಸ್ ಪಕ್ಷ, ಟೆಸ್ಟಿಂಗ್ ಲ್ಯಾಬಿನ ಮಂಜುನಾಥ ಸ್ಪಾರ್ಟ ಪಕ್ಷ. ಆ ಎರಡು ಊರುಗಳು ಇಪ್ಪತ್ತೇಳು ವರ್ಷ ಹೊಡೆದಾಡಿದವಂತೆ. ಇವರಿಬ್ಬರದು ಮೊಸರನ್ನದ ಡಬ್ಬಿ ಖಾಲಿಯಾಗುವವರೆಗೆ.

ಒಂದು ಕಥೆ ಎಷ್ಟು ಸಲ ಹೇಳಿದ್ದರೋ — ಹೀಗೆ, ಎರಡೂ ಕೈಯಲ್ಲಿ ಹುಟ್ಟು ಹಾಕುತ್ತಾ. ಮಿಟಿಲೀನ್ ಎಂಬ ಊರು ಅಥೆನ್ಸಿಗೆ ತಿರುಗಿಬಿತ್ತು. ಅಲ್ಲಿನ ಗಂಡಸರನ್ನೆಲ್ಲ ಕೊಲ್ಲಿ ಎಂದು ಅಥೆನ್ಸಿನ ಜನ ಸಿಟ್ಟಿನಲ್ಲಿ ಕೈಯೆತ್ತಿ ಮತ ಹಾಕಿದರು. ಅಪ್ಪಣೆ ಹೊತ್ತು ಹಡಗು ಹೊರಟಿತು. ಮಾರನೇ ದಿನ ಮನಸ್ಸು ಚುಚ್ಚಿತು — ಮತ್ತೆ ಸೇರಿದರು, ಮತ್ತೆ ಕೈಯೆತ್ತಿದರು, ಕೊಲ್ಲಬೇಡಿ ಎಂದು ಎರಡನೇ ಹಡಗು ಕಳಿಸಿದರು. ಆ ಹಡಗಿನವರು ಹುಟ್ಟು ಹಾಕುತ್ತಲೇ ಹಿಟ್ಟು ಕಲಸಿ ತಿಂದರು, ಸರದಿಯ ಮೇಲೆ ಮಲಗಿದರು. ಮೊದಲನೇ ಅಪ್ಪಣೆ ಓದಿ ಮುಗಿಸುವಷ್ಟರಲ್ಲಿ ಹೋಗಿ ಮುಟ್ಟಿದರು. ಊರು ಉಳಿಯಿತು.

"ಏನಯ್ಯ ಮಂಜುನಾಥ, ನಿಮ್ಮ ಸ್ಪಾರ್ಟದೋರು ಹಿಂಗ್ ಮಾಡ್ತಿದ್ರ?"

"ನಮ್ಮೋರು ಎಲ್ಲದಕ್ಕೂ ಲೇಟು ಸಾರ್. ಮೊದಲ್ನೇ ಹಡಗೇ ಹೊರಡ್ತಿರ್ಲಿಲ್ಲ."

ಸಾರ್ ನಕ್ಕು ನಕ್ಕು ಕೆಮ್ಮುತ್ತಿದ್ದರು.

ಬರೆದುಕೊಂಡು ಬಂದ ಭಾಷಣ ಜೇಬಿನಲ್ಲೇ ಇದೆ. ಅದು ಬೇಡ.

2009ರ ಮಾರ್ಚ್, ಒಂದು ಶುಕ್ರವಾರ. ಲೇಆಫ್‌ಗೆ ನಿಮ್ಮ ಟೀಮಿನಿಂದ ಒಂದು ಹೆಸರು ಕೊಡಿ, ಸೋಮವಾರ ಸೌತ್‌ಫೀಲ್ಡಿನ ಹೆಡ್ ಆಫೀಸಿಗೆ ಪಟ್ಟಿ ಹೋಗುತ್ತೆ ಅಂದರು ಮ್ಯಾನೇಜರ್. ಕೊಡದಿದ್ದರೆ ನನ್ನದೇ ಹೋಗುತ್ತೆ ಅಂತ ಹೆದರಿದೆ. ನನ್ನದು ಎಚ್-ಒನ್ ವೀಸಾ, ಕೆಲಸ ಹೋದರೆ ದೇಶ ಬಿಡಬೇಕು. ಸಾರಿಗೆ ಗ್ರೀನ್ ಕಾರ್ಡ್ ಇದೆಯಲ್ಲ, ಬೇರೆ ಕೆಲಸ ಸಿಗುತ್ತೆ — ಹೀಗಂದುಕೊಂಡು ಅವರ ಹೆಸರು ಕೊಟ್ಟೆ. ಐವತ್ತೇಳು ವರ್ಷದವರಿಗೆ ಆ ವರ್ಷ ಡೆಟ್ರಾಯಿಟ್‌ನಲ್ಲಿ ಯಾರು ಕೆಲಸ ಕೊಡುತ್ತಿದ್ದರು? ಶನಿವಾರ ಇತ್ತು, ಭಾನುವಾರ ಇತ್ತು. ತಪ್ಪಾಯಿತು, ಆ ಹೆಸರು ತೆಗೆಯಿರಿ ಅಂತ ಮ್ಯಾನೇಜರಿಗೆ ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಮಾಡಲಿಲ್ಲ.

ಅದಕ್ಕಿಂತ ದೊಡ್ಡ ಪಾಪ ಆಮೇಲಿನದು. ಅದೇ ಶುಕ್ರವಾರ ಮಂಜುನಾಥ ಯಾವುದೋ ಮೆಷಿನ್ ರಿಪೇರಿ ವಿಷಯಕ್ಕೆ ಮ್ಯಾನೇಜರ್ ರೂಮಿಗೆ ಹೋಗಿದ್ದರು. ಹೆಸರು ಕೊಟ್ಟಿದ್ದು ಅವರೇ ಎಂದು ಜನ ಮಾತಾಡಿದರು. ಸಾರ್ ನನಗೇ ಫೋನ್ ಮಾಡಿ ಕೇಳಿದರು, "ಶಶಿ, ಮಂಜುನಾಥ ನನ್ನ ಹೆಸರು ಹೇಳಿದ್ನಂತೆ, ನಿಜವೇನಪ್ಪಾ?"

ನಾನು — "ನಂಗೊತ್ತಿಲ್ಲ ಸಾರ್" ಅಂದೆ.

ಇಪ್ಪತ್ತು ತಿಂಗಳು ಅವರಿಬ್ಬರೂ ಮಾತಾಡಲಿಲ್ಲ. ನೋವೈ ದೇವಸ್ಥಾನದಲ್ಲಿ ಎದುರಾದರೆ ಸಾರ್ ಮುಖ ತಿರುಗಿಸುತ್ತಿದ್ದರು. ಮಂಜುನಾಥ ಯಾರ ಹತ್ತಿರವೂ ಒಂದು ಮಾತು ಹೇಳಿಕೊಳ್ಳಲಿಲ್ಲ. ಹೋದ ವಾರ ಹಾರ್ಟ್ ಅಟ್ಯಾಕ್ ಆಗಿ ಸಾರ್ ಹೋದರು. ಆ ಸುಳ್ಳನ್ನು ನಂಬಿಕೊಂಡೇ ಹೋದರು.

ಆಂಟಿ, ಕ್ಷಮಿಸಿ ಅಂತ ಕೇಳುವ ಮುಖ ನನಗಿಲ್ಲ. ನೀವೆಲ್ಲ ಇವತ್ತೂ ಮಂಜುನಾಥರಿಗೆ ಜಾಗ ಬಿಡಲಿಲ್ಲ. ಅವರು ಅಲ್ಲಿ, ಬಾಗಿಲ ಹತ್ತಿರ ನಿಂತಿದ್ದಾರೆ. ಮಂಜುನಾಥ್, ದಯವಿಟ್ಟು ಮುಂದೆ ಬನ್ನಿ. ಮನೆಯವರ ಪಕ್ಕದ ಈ ಕುರ್ಚಿಯಲ್ಲಿ ಇಷ್ಟು ಹೊತ್ತು ನಾನು ಕೂತಿದ್ದೆ. ಇದು ನಿಮ್ಮದು.

ಎರಡು ನಿಮಿಷ ಅಂತ ಗಡಿಯಾರ ನೋಡುವುದು ಬೇಡ. ಅವರು ಬಂದು ಇಲ್ಲಿ ಕೂರುವವರೆಗೆ — ನಾವೆಲ್ಲ ಎದ್ದು ಮೌನವಾಗಿ ನಿಂತಿರೋಣ.