ಮೂಳೆಯ ಕಣಿ

ಎಕ್ಸ್‌ರೇ ಕೋಣೆಯ ಹೊರಗೆ ಬೆಂಚಿನ ತುದಿಯಲ್ಲಿ ಕುಳಿತಿದ್ದ ನಿವೃತ್ತ ಭೌತಶಾಸ್ತ್ರದ ಮೇಷ್ಟ್ರ ಕಣ್ಣು ಪತ್ರಿಕೆಯ ಮೇಲಿದ್ದರೂ ಕಿವಿ ಪಕ್ಕದ ಅಕ್ಕತಂಗಿಯರ ಕಡೆಗಿತ್ತು.

“ನಾಲ್ಕು ವರ್ಷದ ಹಿಂದಿನ ಫಿಲ್ಮ್ ಯಾಕಕ್ಕಾ ತಂದೆ?”

“ಇದ್ರಲ್ಲಿ ಮಂಡಿ ಚೆನ್ನಾಗೇ ಕಾಣುತ್ತೆ. ಆದ್ರೆ ಡಾಕ್ಟ್ರು ಒಳಗಿನ ಮೂಳೆಯ ಎಳೆಗಳನ್ನ ಕಂಪ್ಯೂಟರ್‌ನಲ್ಲಿ ಓದಿಸಿ, ಕೆಲವೇ ವರ್ಷದಲ್ಲಿ ಕೀಲು ಸವೆಯೋ ಸಂಭವ ಜಾಸ್ತಿ, ಕೂತು ಮಾಡೋ ಕೆಲಸ ಕೊಡಿ ಅಂತ ಬರೆದಿದ್ರು. ಗಾರ್ಮೆಂಟ್ಸ್ ಸೂಪರ್‌ವೈಸರ್‌ಗೆ ತೋರಿಸ್ದೆ.”

“ಏನಂದ?”

“ಮೂಳೆನೂ ಕಣಿ ಹೇಳುತ್ತಾ ಅಂತ ಎಲ್ಲರೆದುರು ನಕ್ಕ. ಮತ್ತೆ ಇಸ್ತ್ರಿ ಮೇಜಿನ ಮುಂದೇನೇ ನಿಲ್ಲಿಸ್ದ.”

“ಹೋಗ್ಲಿ ಬಿಡಕ್ಕಾ. ಮೊನ್ನೆ ಮನೆಗೇ ಬಂದು ಕೈ ಮುಗಿದ್ನಲ್ಲ.”

“ಮನೇಲಿ ಕೈ ಮುಗೀತಾನೆ. ನನ್ನ ದೂರಿನ ವಿಚಾರಣೆಗೆ ಮಾತ್ರ, ಆ ರಿಪೋರ್ಟ್ ನಾನು ಕಣ್ಣಲ್ಲೂ ಕಂಡಿಲ್ಲ ಅಂತ ಬರ್ಕೊಟ್ಟಿದ್ದಾನೆ. ಅವನ ಚಾಳಿ ಅವನಿಗೇ ಮರೆತುಹೋಗಿದೆ. ಕೈಗೆ ಬಂದ ಕಾಗದಕ್ಕೆಲ್ಲ ರುಜು ಗೀಚ್ತಾನೆ. ಫಿಲ್ಮ್ ಜೊತೆಗಿರೋ ರಿಪೋರ್ಟ್ ಹಾಳೆ ತಿರುವಿ ನೋಡು.”

ತಂಗಿ ತಿರುವಿದಳು. ಮೇಷ್ಟ್ರ ಕನ್ನಡಕವೂ ಅತ್ತ ವಾಲಿತು. ‘ನೋಡಿದೆ. ಬರೀ ನಾಟಕ.’ ಕೆಳಗೆ ರುಜು, ತಾರೀಖು.

“ಅಯ್ಯೋ! ಇದನ್ನ ಮೊದಲೇ ಯಾಕೆ ಕೊಡ್ಲಿಲ್ಲ?”

“ಮೊದಲು ಅವನು ಸುಳ್ಳು ಬರೆದುಕೊಡ್ಲಿ ಅಂತ ಕಾದೆ.”

“ಅವನು ರಿಟೈರ್ ಆಗೋಕೆ ಎರಡೇ ತಿಂಗಳಿದೆ ಅಕ್ಕಾ. ಕೆಲಸಾನೇ ಹೋಗುತ್ತೆ.”

“ನನ್ನ ಮಂಡಿ ಹೋಯ್ತಲ್ಲ. ಇವತ್ತಿನ ಫಿಲ್ಮೂ ಕೈಗೆ ಬರ್ಲಿ, ನಾಳೆ ವಿಚಾರಣೇಲಿ ಎರಡನ್ನೂ ಅವನ ಮುಂದೇನೇ ಬೆಳಕಿಗೆ ಹಿಡೀತೀನಿ.”

ಒಳಗಿನಿಂದ ಅವರ ನಂಬರ್ ಕೂಗಿದರು. ಅಕ್ಕ ಹಲ್ಲು ಕಚ್ಚಿ ಎದ್ದಳು. ತಂಗಿ ತೋಳು ಹಿಡಿಯಲು ಹೋದಳು.

“ನಾಳೆ ಅಷ್ಟು ಹೊತ್ತು ನಿಲ್ಲೋಕಾಗುತ್ತಾ ನಿಂಗೆ?”

“ಬಿಡು, ಹಿಡ್ಕೋಬೇಡ. ನಿಲ್ಲೋದನ್ನ ಕಲಿಸಿದವನೇ ಅವನು.”

ಗೋಡೆ ಹಿಡಿದುಕೊಂಡು ಅವಳು ಒಳಗೆ ಹೋದಳು.