ಒಂಬತ್ತಕ್ಕೆ ಜಾಗವಿಲ್ಲ

"ಹಲೋ... ಯಾರು ಮಾತಾಡ್ತಿರೋದು?... ಹಾಂ?... ಪ್ರಕಾಶಕರ ಆಫೀಸಿಂದಾ? ಯಾವ ಪ್ರಕಾಶಕರು?... ಓ, ನಮ್ಮ ಭಾವನ ಆಫೀಸಾ! ಅಕ್ಕನ ಗಂಡಂಗೆ ನಾದಿನಿ ನಂಬರ್ ಒತ್ತೋಕೂ ಒಬ್ಬರು ಸಹಾಯಕರು ಬೇಕಾ?... ಕೊಡಮ್ಮ, ಅವರಿಗೇ ಕೊಡು. ಕಾಯ್ತೀನಿ."

ಅವಳು ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಅಡುಗೆಮನೆಯ ಮೇಜಿನ ಮೇಲಿದ್ದ ಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡಳು. ರಕ್ಷಾಪುಟದ ತುಂಬ ಹಲ್ಲು ಕಿರಿಯುವ ಮೊಲ. ಮೊಲದ ಕಾಲಡಿಯಲ್ಲಿ, ಹುಡುಕಿದರೆ ಸಿಗುವಷ್ಟು, ಅವಳ ಹೆಸರು. ಕೆಳಗೆ ನೆಲದ ಮೇಲೆ ಅವಳ ಎಂಟು ವರ್ಷದ ಮಗಳು ಒಂದರಿಂದ ಒಂಬತ್ತರವರೆಗೆ ಅಂಕಿ ಬರೆದ ಒಂಬತ್ತು ಬಾಟಲಿ ಮುಚ್ಚಳಗಳನ್ನು ಹರಡಿಕೊಂಡು ಕೂತಿದ್ದಳು. ಅಂದು ಶನಿವಾರ. ಶಾಲೆಯ ಕಚೇರಿ ಒಂದು ಗಂಟೆಗೆ ಮುಚ್ಚುತ್ತದೆ. ಗೋಡೆಯ ಗಡಿಯಾರದಲ್ಲಿ ಹನ್ನೆರಡು ಹತ್ತು.

"... ಹಾಂ, ಭಾವ, ನಾನೇ... ಚೆನ್ನಾಗಿದೀನಿ. ಅವಳೂ ಚೆನ್ನಾಗಿದಾಳೆ. ಅಕ್ಕನೂ ಚೆನ್ನಾಗಿರ್ಬೇಕು. ಕುಶಲ ಮುಗೀತಲ್ಲ, ವಿಷಯಕ್ಕೆ ಬರ್ತೀನಿ. ಬೆಳಿಗ್ಗೆಯಿಂದ ಮೂರು ಸಲ ಫೋನ್ ಮಾಡ್ದೆ. ಮೀಟಿಂಗಲ್ಲಿದ್ರಂತೆ."

"... ಏನು ಮೀಟಿಂಗು?... ಮಕ್ಕಳಿಗೆ ಲೆಕ್ಕ ಇನ್ನೂ ಮೋಜಾಗೋ ಹಾಗೆ ಮಾಡೋದು ಹೇಗೆ ಅಂತ. ಹಾಂ ಹಾಂ. ಎಷ್ಟು ಜನ ಕೂತಿದ್ರಿ?... ಹನ್ನೊಂದು ಜನ. ಅದರಲ್ಲಿ ಲೆಕ್ಕ ಬರೋರು?... ಸುಮ್ನೆ ಕೇಳ್ದೆ, ಬಿಡಿ."

"... ನಾನು ಬರೆದ ಪುಸ್ತಕ ಕೈಗೆ ಸಿಗುತ್ತಾ ನಿಮಗೆ?... ತರಿಸ್ಬೇಕಾ? ಅಚ್ಚು ಹಾಕಿದೋರ ಮೇಜಿನ ಮೇಲೇ ಇಲ್ಲ. ಸರಿ, ತರ್ಸಿ... ಹದಿನಾಲ್ಕನೇ ಪುಟ. ಮೂರು ಸಾಲು, ಸಾಲಿಗೆ ಮೂರು ಮನೆ. ಒಂದರಿಂದ ಒಂಬತ್ತು, ಒಂದೊಂದು ಅಂಕಿ ಒಂದೇ ಸಲ. ಅಡ್ಡ ಕೂಡಿ, ಉದ್ದ ಕೂಡಿ, ಮೂಲೆಯಿಂದ ಮೂಲೆಗೆ ಕೂಡಿ, ಹದಿನೈದೇ ಬರ್ಬೇಕು. ಮಧ್ಯದ ಮನೆ ಮಾತ್ರ ನಾನು ತುಂಬಿ ಕೊಟ್ಟಿದ್ದೆ. ಐದು ಅಂತ."

"... ನಾನು ಬರೆದಿದ್ದು ಅಂಕಿ, ಭಾವ. ಐದು ಅನ್ನೋ ಬದಲು ಅಷ್ಟು ಬಲೂನು ಬರೆಸಿದ್ದು ನೀವು. ಅಂಕಿ ಕಂಡ್ರೆ ಮಕ್ಕಳು ಬೆಚ್ಚಿ ಬೀಳ್ತಾರೆ ಅಂದ್ರಿ. ಆಯ್ತು, ಈಗ ಎಣಿಸಿ. ಎಷ್ಟಿದೆ?... ಅಂದಾಜು ಬೇಡ, ಬೆರಳಿಟ್ಟು ಎಣಿಸಿ. ನಾಚ್ಕೋಬೇಡಿ, ಯಾರೂ ನೋಡ್ತಿಲ್ಲ."

"... ಆರು. ಹಾಂ. ಆರೇ."

"... 'ಒಂದು ಬಲೂನು ತಾನೇ' ಅಂತೀರಾ! ಹುಟ್ಟುಹಬ್ಬಕ್ಕೆ ಕಟ್ಟಿದ್ದಲ್ಲ ಅದು, ಲೆಕ್ಕ. ಯಾರು ಹಾಕಿದ್ದು ಆರನೇದನ್ನ?... ಚಿತ್ರ ಬರೆಯೋನಾ? ಅವನಿಗೇನು ಬಂತು?... ಮನೆ ಬಿಕೋ ಅಂತಿತ್ತಾ? ಮೇಲೆ ಮೂರು, ಕೆಳಗೆ ಮೂರು ಕೂತ್ರೆ ಲಕ್ಷಣವಾಗಿರುತ್ತೆ ಅಂತ... ಯಾರು ಹಾಗಂದಿದ್ದು?... ಭಾವ, ಯಾರು ಅಂದಿದ್ದು?... ಹಾಂ. ನೀವೇ. ಅಂದ್ಕೊಂಡೆ."

ಅವಳ ಮುಖದಲ್ಲಿ ಸಿಟ್ಟು ಕಾಣುತ್ತಿರಲಿಲ್ಲ. ಉಕ್ಕಿದ ಹಾಲನ್ನು ಒಲೆಯ ಮೇಲಿಂದ ಒರೆಸುವವರ ಮುಖ ಹೇಗಿರುತ್ತದೆಯೋ ಹಾಗಿತ್ತು.

"... ಏನಾಯ್ತು ಅಂತ ಹೇಳ್ತೀನಿ ಕೇಳಿ. ಮೊದಲನೇ ಪುಟದಲ್ಲಿ ನಾನು ಬರೆದ ನಿಯಮ ಇದೆಯಲ್ಲ, 'ಈ ಬಾಗಿಲು ತೆರೆಯದೆ ಮುಂದಿನ ಬಾಗಿಲು ತಟ್ಟಬಾರದು' ಅಂತ. ಒಂದು ಪುಟ ಅಂದ್ರೆ ಒಂದು ಬಾಗಿಲು. ನಮ್ಮ ಕುಳ್ಳಿ ಶಾಲೇಲೂ ಇದೇ ಪುಸ್ತಕ, ಬಾಗಿಲು ತೆರೆದ್ರೆ ಟೀಚರು ಒಂದು ಮೊಲದ ಮುದ್ರೆ ಒತ್ತುತ್ತಾರೆ. ಮುದ್ರೆ ನಿಮ್ದೇ, ಪುಕ್ಕಟೆ ಕಳಿಸಿದೀರಿ. ಇವಳಿಗೆ ಹದಿಮೂರು ಮೊಲ ಆಗಿದೆ. ಮಿಕ್ಕವರಿಗೆ ನಲವತ್ತು, ಐವತ್ತು. ಇಪ್ಪತ್ತು ಮೊಲ ಆಗದೋರನ್ನ ಸೋಮವಾರದಿಂದ ಹಿಂದಿನ ಕೋಣೆಗೆ ಹಾಕ್ತಾರೆ. ನಿಧಾನದ ಗುಂಪು ಅಂತ ಹೆಸರು... ನಾನಿಟ್ಟ ಹೆಸರಲ್ಲ. ಮೊಲ ಎಣಿಸಿ ಮಕ್ಕಳನ್ನ ವಿಂಗಡಿಸೋ ಬುದ್ಧಿ ನನಗಿನ್ನೂ ಬಂದಿಲ್ಲ."

"... ಮಿಕ್ಕವರು ಹೇಗೆ ದಾಟಿದ್ರು ಅಂತಾನಾ? ಕೊನೇ ಪುಟ ತಿರುವಿ. ಸಣ್ಣಕ್ಷರದಲ್ಲಿ ಉತ್ತರ ಇದೆಯಲ್ಲ? ಅಲ್ಲಿ ಬಲೂನಿಗೆ ಜಾಗ ಸಾಲ್ದೆ ಅಂಕಿ ಉಳಿಸಿದೀರಿ. ಮಧ್ಯದಲ್ಲಿ ಐದು. ನೋಡ್ಕೊಂಡು ಬರೆದ್ರು, ಮೊಲ ಒತ್ತಿಸ್ಕೊಂಡ್ರು, ಹೋದ್ರು. ಆರು ಬಲೂನಿನ ಸುತ್ತ ಐದರ ಉತ್ತರ! ಮೂವತ್ತೆಂಟು ಮಕ್ಕಳು, ಒಬ್ಬ ಟೀಚರು, ನಿಮ್ಮ ಹನ್ನೊಂದು ಜನರ ಮೀಟಿಂಗು. ಇಷ್ಟೂ ಜನರಲ್ಲಿ ಬಲೂನು ಎಣಿಸಿದೋಳು ಇವಳೊಬ್ಬಳೇ. ಎಣಿಸಿದ್ದಕ್ಕೇ ಸಿಕ್ಕಿ ಬಿದ್ದಳು."

"... ಎಷ್ಟು ದಿನ ಅಂದ್ರಾ? ಹತ್ತೊಂಬತ್ತು."

 ಹತ್ತೊಂಬತ್ತು ಸಂಜೆ ಮಗಳು ಪುಸ್ತಕ ಹಿಡಿದು ಕೋಣೆಯ ಬಾಗಿಲಲ್ಲಿ ನಿಂತು, "ಅಮ್ಮಾ, ಇದು ಆಗ್ತಿಲ್ಲ" ಎಂದಿದ್ದಳು. ಹತ್ತೊಂಬತ್ತು ಸಂಜೆಯೂ ಇವಳು ಮಲಗಿದಲ್ಲಿಂದಲೇ, ಗೋಡೆಯ ಕಡೆಯಿಂದ ಮುಖ ತಿರುಗಿಸದೆ ಒಂದೇ ಮಾತು ಹೇಳಿದ್ದಳು: "ಇನ್ನೊಂದು ಸಲ ಸರಿಯಾಗಿ ನೋಡು, ಆಗುತ್ತೆ." ಬರೆದವಳು ತಾನು. ಒಳಗೇನಿದೆ ಎಂದು ತಿಳಿದಿರುವ ಡಬ್ಬಿಯನ್ನು ಯಾರು ತೆರೆದು ನೋಡುತ್ತಾರೆ? ಲೇಖಕಿಗೆಂದು ಬಂದ ಹತ್ತು ಪ್ರತಿಗಳು ಕಟ್ಟಿದ ದಾರದ ಸಮೇತ ಇನ್ನೂ ಮಂಚದ ಕೆಳಗೇ ಇದ್ದವು. ನಿನ್ನೆ ಶಾಲೆಯಿಂದ ಚೀಟಿ ಬಂದ ಮೇಲೆಯೇ ಅವಳು ಮಗಳ ಪುಸ್ತಕ ತೆರೆದದ್ದು. ಅಳಿಸಿ ಅಳಿಸಿ ಕಾಗದ ತೂತು ಬಿದ್ದಿತ್ತು. ಅದರ ಕೆಳಗೆ, ಅಂಚಿನಲ್ಲಿ, ಪೆನ್ಸಿಲಿನ ಎರಡು ಸಾಲು: "ಒಂಬತ್ತಕ್ಕೆ ಜಾಗ ಇಲ್ಲ. ಅಮ್ಮನಿಗೆ ಹೇಳಬಾರದು."

"... ಹಾಂ, ಇದೀನಿ. ಲೈನಲ್ಲೇ ಇದೀನಿ."

"... ಬೇಡ, ಉಡುಗೊರೆ ಪೆಟ್ಟಿಗೆ ಬೇಡ. ಏನಿರುತ್ತೆ ಅದರಲ್ಲಿ?... ಗುಂಡಿ ಒತ್ತಿದ್ರೆ ಚಪ್ಪಾಳೆ ತಟ್ಟೋ ಮೊಲ. ತಪ್ಪು ಉತ್ತರಕ್ಕೂ ತಟ್ಟುತ್ತಾ?... ಓಹೋ, ಮಕ್ಕಳ ಮನಸ್ಸಿಗೆ ನೋವಾಗಬಾರ್ದು ಅಂತ. ಹಾಗಾದ್ರೆ ನೀವೇ ಮೇಜಿನ ಮೇಲೆ ಇಟ್ಕೊಳ್ಳಿ ಭಾವ, ಇವತ್ತು ನಿಮಗೇ ಬೇಕಾಗುತ್ತೆ."

"... ಮೋಜು ಮೋಜು ಅಂತ ಬಾಯಿ ಬಡ್ಕೋತೀರಲ್ಲ. ಈ ಹುಡುಗಿ ಸೋಡಾ ಬಾಟಲಿ ಮುಚ್ಚಳದ ಮೇಲೆ ಅಂಕಿ ಬರ್ಕೊಂಡಿದಾಳೆ. ಊಟಕ್ಕೆ ಕೂತ್ರೆ ತಟ್ಟೆ ಪಕ್ಕ ಅವು. ಸ್ನಾನಕ್ಕೆ ಹೋದ್ರೆ ಬಕೆಟ್ ಪಕ್ಕ ಅವು. ನಿದ್ದೇಲೂ ಮುಷ್ಟಿ ಬಿಚ್ಚಿದ್ರೆ ಒಂದು ಮುಚ್ಚಳ. ಯಾರೂ ಚಪ್ಪಾಳೆ ತಟ್ಟಿಲ್ಲ, ಯಾರೂ ನೋಡಿಯೂ ಇಲ್ಲ. ಆಟ ಅಂದ್ರೆ ಅದು. ನೀವು ಮಾಡಿದ್ದು ಅಂಗಡಿ ಅಲಂಕಾರ."

"... ಪತ್ರ. ಒಂದು ಪತ್ರ ಸಾಕು ನನಗೆ. ನಿಮ್ಮ ಲೆಟರ್‌ಹೆಡ್ಡು, ನಿಮ್ಮ ಸಹಿ, ಹದಿನಾಲ್ಕನೇ ಪುಟ ತಪ್ಪು ಅಂತ. ನಾನು ಹೇಳಿದ್ರೆ ತಾಯಿ ವಹಿಸ್ಕೊಂಡ ಹಾಗಾಗುತ್ತಂತೆ, ಹೆಡ್ ಮಿಸ್ಸು ಒಪ್ಪಲ್ಲ. ಪ್ರಕಾಶಕರೇ ಬರೆದು ಕೊಡ್ಬೇಕಂತೆ. ಒಂದು ಗಂಟೆ ಒಳಗೆ."

"... ಯಾಕಾಗಲ್ಲ?... ಎಷ್ಟು ಪ್ರತಿ ಹೋಗಿದೆ?... ಎಂಟು ಸಾವಿರ. ಹಾಗಾದ್ರೆ ಎಂಟು ಸಾವಿರ ಕಡೆ ಪಾಪ ಒಂಬತ್ತು ಬೀದೀಲಿ ನಿಂತಿದೆ ಅನ್ನಿ."

"... ಹಾಂ?... ಇನ್ನೊಂದು ಸಲ ಹೇಳಿ... ಅಚ್ಚಿಗೆ ಮುಂಚಿನ ಪ್ರೂಫಿಗೆ ಸಹಿ ಹಾಕಿದ್ದು ನಾನೇ ಅಂತಾನಾ? ಹೌದು, ಹಾಕಿದೆ. ಯಾವತ್ತು ಹಾಕಿದೆ ಅಂತ ನೆನಪಿದೆಯಾ?... ನನಗಿದೆ. ನಮ್ಮನೆಯವರು ಹೋಗಿ ನಾಲ್ಕನೇ ದಿನ. ಮಾತಾಡಿಸಿ ಹೋಗೋಕೆ ಅಂತ ಅಕ್ಕನ ಜೊತೆ ಬಂದ್ರಿ. ಅಕ್ಕ ಮೆಟ್ಟಿಲು ಇಳಿಯೋವರೆಗೂ ಕಾದು, ಕಂಕುಳಲ್ಲಿದ್ದ ಕವರ್ ತೆಗೆದ್ರಿ. 'ಅವಸರ ಏನಿಲ್ಲಮ್ಮ, ಒಂದು ಸಹಿ ಅಷ್ಟೇ' ಅಂದ್ರಿ. ಕೊಟ್ಟ ಪೆನ್ನಿನ ತುದೀಲೂ ಮೊಲ ಇತ್ತು... ಇಲ್ಲ ಭಾವ, ಅಳ್ತಿಲ್ಲ. ಪೆನ್ನಿನ ವಿಷಯ ಹೇಳ್ತಿದೀನಿ ಅಷ್ಟೇ."

ಮಗಳು ನೆಲದಿಂದ ತಲೆ ಎತ್ತಿ ನೋಡಿದಳು. ಅವಳು ಏನಿಲ್ಲ ಎನ್ನುವಂತೆ ಕೈಯಾಡಿಸಿದಳು. ಗಡಿಯಾರದ ದೊಡ್ಡ ಮುಳ್ಳು ಆರನ್ನು ದಾಟಿ ಕೆಳಗಿಂದ ಹತ್ತತೊಡಗಿತ್ತು.

"... ಅಂದ್ರೆ ಪತ್ರ ಕೊಡ್ತೀರಿ, ಆದ್ರೆ ತಪ್ಪು ಲೇಖಕಿಯದು ಅಂತ ಇರ್ಬೇಕು. ಅಲ್ವಾ?... ಸುತ್ತಿ ಬಳಸ್ಬೇಡಿ. ಹೌದೋ, ಅಲ್ವೋ?... ಮತ್ತೆ ನಾನು ಬರೀತಿರೋ ಎರಡನೇ ಪುಸ್ತಕ?... 'ಆಮೇಲೆ ನೋಡೋಣ.' ಹಾಂ, ಅರ್ಥ ಆಯ್ತು. ನಿಮ್ಮ ಆಮೇಲೆ ನನಗೇನು ಹೊಸದಲ್ಲ."

"... ಆಯ್ತು, ಬರೀರಿ. ಸಹಿ ಹಾಕಿದ್ದು ಸುಳ್ಳಲ್ಲ. ನೋಡದೇ ಹಾಕಿದ್ದೂ ಸುಳ್ಳಲ್ಲ. ಪೆನ್ನು ತಗೊಳ್ಳಿ, ಮೊಲದ್ದೇ ಆಗ್ಲಿ. 'ಹದಿನಾಲ್ಕನೆಯ ಪುಟದ ಮಧ್ಯದ ಮನೆಯಲ್ಲಿ ಐದರ ಬದಲು ಆರು ಅಚ್ಚಾಗಿದೆ.' ಬರೆದ್ರಾ?... 'ಇದು ಲೇಖಕಿಯ ತಪ್ಪು.' ಖುಷಿನಾ?... ತಾಳಿ, ಮುಗೀಲಿಲ್ಲ. 'ಆದ್ದರಿಂದ ಈ ಲೆಕ್ಕವನ್ನು ಯಾರೂ ಬಿಡಿಸಲಾರರು. ಅದನ್ನು ಮೊದಲು ಕಂಡುಹಿಡಿದವಳು ಇದೇ ಶಾಲೆಯ ಮೂರನೇ ತರಗತಿಯ ಹುಡುಗಿ.'"

"... ಯಾಕೆ ಬೇಡ?... ಮಗು ಕಂಡುಹಿಡಿದ್ರೆ ಸಂಸ್ಥೆಗೆ ಚೆನ್ನಾಗಿ ಕಾಣಲ್ವಾ? ಸಂಸ್ಥೆ ಕಂಡುಹಿಡಿದಿದ್ರೆ ಅದನ್ನೇ ಬರೀತಿದ್ವಿ. ನೋಡಿ ಭಾವ, ತಪ್ಪು ನನ್ನ ತಲೆಗೆ ಕಟ್ಕೊಂಡಿದೀನಿ. ಪುಸ್ತಕ ಬಿಟ್ಟಿದೀನಿ. ಈ ಒಂದು ಸಾಲು ಬಿಡಲ್ಲ. ನಿಮಗೆ ಕಷ್ಟ ಆದ್ರೆ ಹೇಳಿ, ಅಕ್ಕಂಗೆ ಫೋನ್ ಮಾಡಿ ಆ ಪೆನ್ನಿನ ಕಥೆ ಹೇಳ್ತೀನಿ... ಹೆದರಿಸ್ತಿಲ್ಲಪ್ಪ. ತಂಗಿ ಅಕ್ಕನ ಹತ್ರ ಮಾತಾಡಬಾರ್ದಾ?"

"... ಹಾಂ. ಕಾಯ್ತೀನಿ."

ನೀರಿನ ಕೊಳಾಯಿ ತೊಟ್ಟಿಕ್ಕುತ್ತಿತ್ತು. ಎದ್ದು ಹೋಗಿ ಬಿಗಿ ಮಾಡಿ ಬಂದಳು. ಕಿವಿಯ ಹತ್ತಿರವೇ ಫೋನು ಟಿಣ್ ಎಂದಿತು. ಪತ್ರದ ಫೋಟೋ ಬಂದಿತ್ತು. ಎರಡು ಬೆರಳಿನಲ್ಲಿ ಹಿಗ್ಗಿಸಿ, ಈ ಸಲ ಒಂದೊಂದು ಅಕ್ಷರವನ್ನೂ ಓದಿದಳು. ಹದಿನಾಲ್ಕು ಹದಿನಾಲ್ಕಾಗಿಯೇ ಇತ್ತು, ಐದು ಐದಾಗಿಯೇ ಇತ್ತು. ಲೇಖಕಿಯ ತಪ್ಪು ದಪ್ಪಕ್ಷರದಲ್ಲಿತ್ತು. ಕೊನೆಯ ಸಾಲೂ ಇತ್ತು. ಅದನ್ನು ಅಲ್ಲಿಂದಲೇ ಶಾಲೆಗೆ ಕಳಿಸಿದಳು. ಹನ್ನೆರಡು ನಲವತ್ತಾರು.

"... ಬಂತು. ಕಳಿಸಿದೆ... ಇಲ್ಲ, ಇಡಬೇಡಿ. ಇನ್ನೊಂದಿದೆ. ಇವಳಿಗೆ ನೀವೇ ಹೇಳ್ಬೇಕು... ನಾನು ನಿನ್ನೆಯೇ ಹೇಳ್ದೆ, ನಂಬಲ್ಲ. ಅಮ್ಮ ಸಮಾಧಾನಕ್ಕೆ ಹೇಳ್ತಾಳೆ ಅಂದ್ಕೊಂಡು ಬೆಳಿಗ್ಗೆ ಎದ್ದು ಮತ್ತೆ ಮುಚ್ಚಳ ಹರಡ್ಕೊಂಡು ಕೂತಿದಾಳೆ. ಅಚ್ಚು ಹಾಕಿಸಿದೋರು ಹೇಳ್ಬೇಕಂತೆ... ಏನು ಹೇಳೋದು ಅಂದ್ರೆ? ನೀನು ಸರಿ ಅನ್ನೋದು. ಮೋಜಾಗಿ ಹೇಳ್ಬೇಡಿ, ಸುಮ್ನೆ ಹೇಳಿ... ಕುಳ್ಳೀ, ಬಾ ಇಲ್ಲಿ. ದೊಡ್ಡಪ್ಪ."

ಮಗಳು ಎರಡೂ ಕೈಯಲ್ಲಿ ಫೋನು ಹಿಡಿದು ಮುಚ್ಚಳಗಳ ಮುಂದೆ ಮತ್ತೆ ಚಕ್ಕಂಬಕ್ಕಳ ಹಾಕಿ ಕೂತಳು.

"ಹಲೋ, ದೊಡ್ಡಪ್ಪಾ... ಹಾಂ... ಹಾಂ... ನಿಜವಾಗ್ಲೂ? ಅಮ್ಮ ಹೇಳ್ಕೊಟ್ಟಿದ್ದಲ್ಲ ತಾನೇ?... ಹೇಗೆ ಗೊತ್ತಾಯ್ತು ಅಂದ್ರೆ, ನಿಮ್ಮ ಹತ್ರ ಪುಸ್ತಕ ಇದೆಯಾ? ಒಂಬತ್ತನ್ನ ಎಲ್ಲಾದ್ರೂ ಇಡಿ, ನಿಮಗಿಷ್ಟ ಬಂದಲ್ಲಿ... ಮೂಲೇಲಾ? ಸರಿ. ಒಂಬತ್ತು, ಪಕ್ಕದಲ್ಲಿ ಮಧ್ಯದ ಆರು. ಆಗ್ಲೇ ಹದಿನೈದು ಆಗೋಯ್ತು. ಆ ಕಡೆ ಮೂಲೇಲಿ ಏನಿಡ್ತೀರಿ?... ಸೊನ್ನೆನಾ? ಸೊನ್ನೆ ಈ ಆಟದಲ್ಲೇ ಇಲ್ಲ ದೊಡ್ಡಪ್ಪ, ಒಂದರಿಂದ ಶುರು... ಖಾಲಿ ಬಿಡೋ ಹಾಗಿಲ್ಲ. ಬೇಕಾದ್ರೆ ತೆಗೆದು ಬೇರೆ ಕಡೆ ಇಡಿ... ಮೇಲಿನ ಸಾಲಲ್ಲಿ ಮಧ್ಯ? ಹಾಂ. ಹಾಗಾದ್ರೆ ಕೆಳಗಡೆ ಏನು ಬರುತ್ತೆ?... ನೋಡಿದ್ರಾ, ಮತ್ತೆ ಸೊನ್ನೆ."

ಅವಳು ಕಿಟಕಿಯ ಹತ್ತಿರ ಹೋಗಿ ಒಣಗಿದ ಬಟ್ಟೆಗಳನ್ನು ಒಂದೊಂದಾಗಿ ಎಳೆದು ಮಡಚತೊಡಗಿದ್ದಳು. ಬೆನ್ನ ಹಿಂದೆ ಮಗಳ ದನಿ, ದಡ್ಡರಿಗೆ ಹೇಳಿಕೊಡುವ ಟೀಚರಿನಷ್ಟು ತಾಳ್ಮೆಯಿಂದ, ನಡೆದೇ ಇತ್ತು.

"... ಯಾಕೆ ಸುಮ್ನಾದ್ರಿ?... ಇನ್ನೊಂದು ಸಲ ಸರಿಯಾಗಿ ನೋಡಿ ದೊಡ್ಡಪ್ಪ, ಆಗುತ್ತೆ."

ಮಡಚುತ್ತಿದ್ದ ಕೈ ಪುಟ್ಟ ಅಂಗಿಯ ತೋಳಿನ ಮೇಲೆ ನಿಂತಿತು.

"... ಇಲ್ಲ ಇಲ್ಲ, ಆಗಲ್ಲ! ಸುಮ್ನೆ ಅಂದೆ. ನಮ್ಮಮ್ಮ ದಿನಾ ಹಾಗೇ ಅಂತಿದ್ದಳು... ಹಾಂ? ಎಲ್ಲಿ?... ಪಕ್ಕದ ಮನೇಲಾ? ಇಡಿ, ಇಟ್ಟು ಕೂಡಿ ನೋಡಿ... ದೊಡ್ಡಪ್ಪಾ?... ಹಲೋ?... ಅಮ್ಮಾ, ಲೈನ್ ಹೋಯ್ತು. ಇನ್ನೂ ಆರು ಮನೆ ಬಾಕಿ ಇತ್ತು ಅವರಿಗೆ."