ಆಯಿ ಅಂದ ಕೂಸು ಯಾವ ಕೇರಿಯದು?

ಕೇಳ್ರಪ್ಪಾ, ಕೇಳ್ರವ್ವಾ, ಹತ್ತಿರ ಸರೀರಿ. ಒಂದಾನೊಂದು ಊರು. ಹೆಸರು ಮಾತ್ರ ಕೇಳ್ಬೇಡಿ. ಹೇಳಿದ್ರೆ ಆ ಊರಿನೋರು ನಾಳೆ ನನ್ನ ಮನೆ ಮುಂದೆ ಜಗಳಕ್ಕೆ ನಿಲ್ತಾರೆ. ಆ ಊರಿಗೊಬ್ಬ ರಾಜ. ಒಳ್ಳೆಯವನೇ, ಆದ್ರೆ ಕೆಲಸ ಕಮ್ಮಿ. ಒಂದಿನ ಎಲೆ ಅಡಿಕೆ ಜಗೀತಾ ಕೂತಿದ್ದಾಗ ಅವನಿಗೆ ಹೊಳೀತು: "ನನ್ನೂರಲ್ಲಿ ಬಗೆಬಗೆಯ ಜನ ಇದಾರೆ. ಯಾರದು ಯಾವ ಸಂಸ್ಕೃತಿ ಅಂತ ನನಗೆ ಗೊತ್ತಾಗಬೇಕು."

ಗೊತ್ತಾಗಬೇಕಂತೆ! ಬೀದಿಗಿಳಿದು ನಾಲ್ಕು ಮನೇಲಿ ಕೂತು ಉಂಡಿದ್ರೆ ಗೊತ್ತಾಗ್ತಿರಲಿಲ್ವಾ? ಇಲ್ಲ, ಪಂಡಿತನ್ನ ಕರೆಸಿದ.

ಪಂಡಿತನ ಹೆಸರು ಭುಜಂಗಯ್ಯ. ಮೂರು ದಿನ ಊರು ಸುತ್ತಿದ, ಮೂರು ಹಲಗೆ ಬರೆಸಿದ. ಬೇವಿನ ಕೇರಿಗೊಂದು: "ಇಲ್ಲಿಯವರು ತಾಯಿಗೆ ಅವ್ವ ಅಂತಾರೆ, ಮುದ್ದೆ ಉಣ್ತಾರೆ." ಹುಣಸೆ ಕೇರಿಗೊಂದು: "ಇಲ್ಲಿಯವರು ತಾಯಿಗೆ ಆಯಿ ಅಂತಾರೆ, ರೊಟ್ಟಿ ತಿಂತಾರೆ." ಆಲದ ಕೇರಿಗೊಂದು: "ಇಲ್ಲಿಯವರು ತಾಯಿಗೆ ಅಬ್ಬೆ ಅಂತಾರೆ, ಗಂಜಿ ಕುಡೀತಾರೆ." ಪುಸ್ತಕದಲ್ಲಿ ಹಾಡೂ ಬರೆದ, ಆಟವೂ ಬರೆದ. ಬರೆದು ಸುಮ್ನಿದ್ನಾ? "ಮಹಾಸ್ವಾಮಿ, ಒಬ್ಬರದು ಇನ್ನೊಬ್ಬರಿಗೆ ಅಂಟಿದ್ರೆ ನನ್ನ ಹಲಗೆ ಸುಳ್ಳಾಗುತ್ತೆ. ನಡುವೆ ಗೋಡೆ ಬೇಕು" ಅಂದ. ರಾಜ ಹೂಂ ಅಂದ. ಕೇರಿ ಕೇರಿಗೂ ಗೋಡೆ ಎದ್ದಿತು. ಅರಮನೆ ಬಯಲಿಗೆ ಎದುರಾಗಿ ಮೂರು ಕಂಬಿ ಬಾಗಿಲು, ಮೂವರು ಕಾವಲುಗಾರರು. ಯಾವ ಕೇರಿಗೂ ಸೇರದವರನ್ನ ಹೊತ್ತು ಮುಳುಗೋದ್ರೊಳಗೆ ಹೊಳೆ ದಾಟಿಸಿ ಬಿಡಬೇಕು ಅಂತ ಕಾಯಿದೆ ಬೇರೆ.

ಗೋಡೆ ಎದ್ದು ಆರು ತಿಂಗಳಾಗಿತ್ತು. ಒಂದು ಮಧ್ಯಾಹ್ನ ಮೂರು ವರ್ಷದ ಹೆಣ್ಣು ಕೂಸೊಂದು ಚರಂಡಿ ಕಿಂಡಿಯಲ್ಲಿ ನುಸುಳಿ ಬಯಲಿಗೆ ಬಂತು. ಮೈಯೆಲ್ಲ ಕೆಸರು. ಯಾವ ಕಿಂಡಿಯಿಂದ ಬಂತೋ ಯಾರೂ ನೋಡಲಿಲ್ಲ. ಬಾಯಿ ತೆರೆದು ಅಳೋಕೆ ಶುರುಮಾಡ್ತು.

ಬೇವಿನ ಕೇರಿ ಬಾಗಿಲಿಗೆ ಒಬ್ಬ ಹೆಂಗಸು ಓಡಿಬಂದು ಕಂಬಿ ಹಿಡಿದಳು. ಅವಳ ಹೆಸರು ದುರುಗಿ. "ಅಯ್ಯೋ, ಅದು ನನ್ನ ಮಗಳು ಗುಬ್ಬಿ! ಕೊಡ್ರಪ್ಪಾ!"

ಕೊಡಬೇಕಲ್ವಾ? ತಾಯಿ ಅಲ್ಲಿದಾಳೆ, ಮಗು ಇಲ್ಲಿದೆ, ನಡುವೆ ಇಪ್ಪತ್ತು ಹೆಜ್ಜೆ. ಆದ್ರೆ ಭುಜಂಗಯ್ಯ ಕೈ ಅಡ್ಡ ಹಿಡಿದ. "ತಡಿ ತಾಯಿ. ಎಲ್ಲಾ ಪದ್ಧತಿ ಪ್ರಕಾರ ಆಗಬೇಕು. ಗುರುತು ನೋಡೋಣ."

ಮೊದಲನೇ ಗುರುತು. "ಮಗೂ, ನಿನ್ನ ತಾಯಿಗೆ ಏನಂತ ಕರೀತೀಯ?"

"ಆಯೀ!" ಅಂತ ಚೀರಿತು ಕೂಸು.

ಪಂಡಿತ ಗಡ್ಡ ಸವರಿದ. "ಗುರುತು ಸಿಕ್ತು. ಇದು ಹುಣಸೆ ಕೇರಿ ಕೂಸು."

"ಅಯ್ಯೋ ಬುದ್ಧೀ," ಅಂದಳು ದುರುಗಿ, "ನನಗೆ ಜ್ವರ ಬಂದು ಎದೆಹಾಲು ಬತ್ತಿದಾಗ ಹುಣಸೆ ಕೇರಿ ಗೋದಕ್ಕ ಹಾಲು ಕೊಟ್ಟು ಸಾಕಿದಳು. ಅವಳ ಮಕ್ಕಳು ಆಯಿ ಅಂತಿದ್ವು, ಇವಳೂ ಕಲಿತಳು. ನನಗೂ ಆಯಿ ಅಂತಾಳೆ. ಅದಕ್ಕೇನೀಗ? ಕರೆದಾಗ ಓಡಿಹೋಗೋಳು ನಾನಲ್ವಾ?"

ಪಂಡಿತ ಕೇಳಿಸ್ಕೊಂಡ್ನಾ? ಬರ್ಕೊಂಡ.

ಎರಡನೇ ಗುರುತು. ಮಗುವಿನ ಮುಂದೆ ಮುದ್ದೆ, ರೊಟ್ಟಿ, ಗಂಜಿ ಮೂರೂ ಇಟ್ಟರು. ಗುಬ್ಬಿ ಅಳು ನಿಲ್ಲಿಸಿ ಮುದ್ದೆ ಮುರಿದಳು, ಸಾರಲ್ಲಿ ಅದ್ದಿದಳು, ಹಲ್ಲಿಗೆ ತಾಗಿಸದೆ ಗುಳುಂ ಅಂತ ನುಂಗಿದಳು. ಮತ್ತೆ ಅಳೋಕೆ ಕೂತಳು.

ಪಂಡಿತ ಗಡ್ಡ ಸವರಿದ. "ಗುರುತು ಸಿಕ್ತು. ಇದು ಬೇವಿನ ಕೇರಿ ಕೂಸು."

"ಅದೇ ಅಲ್ವಾ ನಾನು ಹೇಳ್ತಿರೋದು!" ಅಂದಳು ದುರುಗಿ.

"ಮೊದಲನೇದಕ್ಕೂ ಎರಡನೇದಕ್ಕೂ ತಾಳೆ ಆಗ್ತಿಲ್ಲವಮ್ಮ. ಮೂರನೇದು ನೋಡೋಣ."

ಬಿಸಿಲು ಇಳೀತಾ ಬಂತು. ಹೊಳೆ ದಡದಲ್ಲಿ ದೋಣಿಯವನು ಹುಟ್ಟು ತೊಳೀತಾ ಕೂತಿದ್ದ. ದುರುಗಿ ಅವನನ್ನೂ ನೋಡ್ತಾಳೆ, ಮಗಳನ್ನೂ ನೋಡ್ತಾಳೆ.

ಮೂರನೇ ಗುರುತು. ಮೂರು ಕೇರಿಯ ಮಕ್ಕಳಾಟದ ಹಾಡು ಹಾಡಿಸಿದರು. ಬೇವಿನ ಕೇರಿಯದಕ್ಕೆ ಗುಬ್ಬಿ ಅತ್ತಳು. ಹುಣಸೆ ಕೇರಿಯದಕ್ಕೂ ಅತ್ತಳು. ಆಲದ ಕೇರಿ ಕಾವಲುಗಾರ, "ಆಲದ ಹಣ್ಣು ಕೆಂಪಣ್ಣು, ಕಾಗೆ ಕಿತ್ತರೆ ನಿಂಗಿಲ್ಲ" ಅಂದನೋ ಇಲ್ಲವೋ, ಮೂಗು ಸುರೀತಾ ಇದ್ದರೂ ಚಪ್ಪಾಳೆ ತಟ್ಟಿ, "ನಂಗೂ ಇಲ್ಲ!" ಅಂದಳು.

ಪಂಡಿತ ಗಡ್ಡ ಸವರಿದ. "ಗುರುತು ಸಿಕ್ತು. ಇದು ಆಲದ ಕೇರಿ ಕೂಸು."

ದುರುಗಿ ಹಣೆ ಚಚ್ಚಿಕೊಂಡಳು. "ನಾನು ಕಳೆ ಕೀಳೋಕೆ ಹೋದಾಗ ಆಲದ ಕೇರಿ ಶೇಷಬ್ಬೆ ನೋಡ್ಕೊಂತಿದ್ರು ಬುದ್ಧೀ. ಅವರು ಕಲಿಸಿದ ಹಾಡು ಅದು. ಆಗ ನಿಮ್ಮ ಗೋಡೆ ಎಲ್ಲಿತ್ತು?"

ಅಷ್ಟೊತ್ತಿಗೆ ಸುದ್ದಿ ಗೋಡೆ ಹಾರಿತ್ತು. ಸುದ್ದಿಗೆ ಯಾವ ಕಾವಲುಗಾರ? ಹುಣಸೆ ಕೇರಿ ಬಾಗಿಲಿಗೆ ಗೋದಕ್ಕ ಬಂದಳು: "ಹೊಳಿ ದಾಟಸ್ತೀರಂತ? ಅದು ನನ್ನ ಕೂಸೈತಿ, ಇತ್ತ ಕೊಡ್ರಿ!" ಆಲದ ಕೇರಿ ಬಾಗಿಲಿಗೆ ಮುದುಕಿ ಶೇಷಬ್ಬೆ ಕೋಲೂರಿಕೊಂಡು ಬಂದರು: "ಅದು ನನ್ನ ಮಗು. ನನ್ನ ಮಡಿಲಲ್ಲಿ ಬೆಳೆದದ್ದು." ಮೂರು ಬಾಗಿಲಲ್ಲೂ ಮೂವರು ಹೆಂಗಸರು ಕಂಬಿ ಅಲ್ಲಾಡಿಸ್ತಾರೆ, ನಡುವೆ ಕೂಸು ಬಾಯಿಬಾಯಿ ಬಡ್ಕೊಳುತ್ತೆ. ಭುಜಂಗಯ್ಯ ಬೆವರು ಒರೆಸ್ಕೊಂಡು ಪುಟ ತಿರುಗಿಸ್ತಾನೆ.

ಗದ್ದಲಕ್ಕೆ ರಾಜನ ನಿದ್ದೆ ಹಾಳಾಯ್ತು. ಕಿವಿ ಮುಚ್ಚಿಕೊಂಡು ಹೊರಗೆ ಬಂದ. "ಏನಯ್ಯಾ ಇದು? ಗುರುತು ಸಿಗಲಿಲ್ವಾ?"

"ಸಿಕ್ತು ಮಹಾಸ್ವಾಮಿ. ಮೂರೂ ಸಿಕ್ತು. ಆದ್ರೆ ಮೂರು ಕೇರೀಲಿ ಸಿಕ್ತು. ಪುಸ್ತಕದ ಪ್ರಕಾರ ಈ ಮಗು ಇಲ್ಲ."

"ಇಲ್ಲದ ಮಗು ಇಷ್ಟು ಜೋರಾಗಿ ಅಳುತ್ತೇನಯ್ಯಾ? ಮೂರು ಕೇರಿಯದು ಅಂತ ಬರ್ಕೋ! ಒಳಗೆ ಬಿಡು!"

"ಯಾವ ಬಾಗಿಲಲ್ಲಿ ಬಿಡಲಿ ಮಹಾಸ್ವಾಮಿ?"

"ಮೂರನ್ನೂ ತೆಗಿಯೋ ಮಾರಾಯ!"

ಮೂರು ಬಾಗಿಲೂ ತೆರೆದವು. ಗುಬ್ಬಿ ಗೋದಕ್ಕನ ಕಡೆ ನೋಡಿ ನಕ್ಕಳು, ಶೇಷಬ್ಬೆಗೆ ಕೈ ಬೀಸಿದಳು, "ಆಯೀ" ಅಂತ ಕೂಗ್ತಾ ಓಡಿಹೋಗಿ ದುರುಗಿಯ ಕಾಲು ತಬ್ಬಿಕೊಂಡಳು. ಭುಜಂಗಯ್ಯ ಹಿಂದೇನೇ ಹೋದ. "ಮಗೂ, ಬೇವಿನ ಕೇರೀಲಿ ಆಯಿ ಅನ್ನಬಾರದು. ಅವ್ವ ಅನ್ನಬೇಕು."

ದುರುಗಿ ಮಗಳನ್ನ ಸೊಂಟಕ್ಕೇರಿಸಿಕೊಂಡಳು. "ಬುದ್ಧೀ, ಅದು ಕರೆದಿದ್ದು ನನ್ನ. ನನಗೆ ತಿಳೀತು. ನಿಮಗೆ ತಿಳೀದಿದ್ರೆ ಅದರ ತಪ್ಪೇನು?"

ರಾಜ ಏನಂದ? "ಈ ಒಂದು ಮಗು ಏನೋ ಕಲಬೆರಕೆ ಆಗಿದೆ. ಇದೊಂದಕ್ಕೆ ಬಾಗಿಲು ತೆರೆದಿರಲಿ. ಹಲಗೆಗೆ ಸರಿಯಾಗಿರೋ ಮಕ್ಕಳಿಗೆ ಗೋಡೆ ಇರಲಿ" ಅಂದ. ನೋಡಿದ್ರಾ, ಇನ್ನೂ ಬುದ್ಧಿ ಬರಲಿಲ್ಲ! ಮಾರನೇ ದಿನ ಊರಿನ ಅಷ್ಟೂ ಮಕ್ಕಳನ್ನ ಬಯಲಿಗೆ ಕರೆಸಿದ. ಭುಜಂಗಯ್ಯ ಮುದ್ದೆ, ರೊಟ್ಟಿ, ಗಂಜಿ ಇಟ್ಕೊಂಡು ಕೂತ. ಒಂದು ಮಗು ಅವ್ವ ಅಂತು, ರೊಟ್ಟಿ ಕೇಳ್ತು. ಇನ್ನೊಂದು ಅಬ್ಬೆ ಅಂತು, ಮುದ್ದೆ ನುಂಗ್ತು. ಮಗದೊಂದು ಮೂರೂ ತಿಂದು ಪಂಡಿತನ ಪಾಲಿಂದೂ ಕೇಳ್ತು. ಹೊತ್ತು ಇಳಿಯೋವರೆಗೂ ಹುಡುಕಿದ್ರು ಕಣ್ರಪ್ಪಾ. ಆ ಮೂರು ಹಲಗೆಯಲ್ಲಿ ಯಾವುದಾದ್ರೂ ಒಂದಕ್ಕೆ ಪೂರಾ ಸರಿಹೋಗೋ ಒಂದೇ ಒಂದು ಮಗು ಆ ಊರಲ್ಲಿ ಸಿಗಲಿಲ್ಲ.

ಅಲ್ಲಿಗೆ ಅವರ ಗೋಡೆ ಬಿತ್ತು, ಇಲ್ಲಿಗೆ ನನ್ನ ಗಂಟಲು ಒಣಗಿತು. ಕತೆ ಕೇಳಿದ ಕಿವಿಗೆ ತಂಪಾಗಲಿ, ಹೇಳಿದ ಬಾಯಿಗೆ ಯಾರಾದ್ರೂ ಒಂದು ಲೋಟ ಮಜ್ಜಿಗೆ ಕೊಡಲಿ.